ಸರ್ಕಾರಿ ಇಲಾಖೆಗೆ ಸಾಗಿಸಿದ ಸರಕಿನ ಬಾಡಿಗೆ ಬಾಕಿ ಉಳಿದರೆ ಹೊಣೆ ಯಾರದು?

ಸಂವಿಧಾನದ 299ನೆಯ ವಿಧಿಯಂತೆ ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲಿ ಲಿಖಿತ ಕರಾರಾಗಿದ್ದರೆ ಹೊಣೆ ಸರ್ಕಾರದ್ದೇ. ಸಹಿ ಹಾಕಿದ ಅಧಿಕಾರಿ ವೈಯಕ್ತಿಕವಾಗಿ ಹೊಣೆಯಾಗುವುದಿಲ್ಲ. ತೊಡಕಿರುವುದು ಬಾಯಿಮಾತಿನ ಆದೇಶದ ಮೇಲೆ ಲಾರಿ ಕಳುಹಿಸಿದಾಗ. ಆಗ ಕರಾರಿನ ಆಧಾರದ ಮೇಲೆ ಸರ್ಕಾರದ ವಿರುದ್ಧ ದಾವೆ ನಿಲ್ಲದು. ಆದರೂ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಸಾಗಿಸಿದ ಸರಕನ್ನು ಇಲಾಖೆಯು ನಿರಾಕರಿಸದೆ ಸ್ವೀಕರಿಸಿ ಪ್ರಯೋಜನ ಪಡೆದಿದ್ದರೆ, 1872ರ ಕರಾರು ಕಾಯ್ದೆಯ 70ನೆಯ ಪ್ರಕರಣದಡಿ ತಕ್ಕ ಪರಿಹಾರ ಕೊಡಬೇಕಾಗುತ್ತದೆ. ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧ ಬಿ.ಕೆ. ಮಂಡಲ್ ಅಂಡ್ ಸನ್ಸ್ ಹೂಡಿದ್ದ ಮೊಕದ್ದಮೆಯಲ್ಲಿ (ಅದು ಸಾಗಣೆಯದಲ್ಲ, ಕಟ್ಟಡ ಕಾಮಗಾರಿಯದು) ಸುಪ್ರೀಂ ಕೋರ್ಟ್ 1961ರಲ್ಲಿ ಈ ತತ್ವವನ್ನು ಎತ್ತಿಹಿಡಿಯಿತು. ಆದ್ದರಿಂದ ಸರಕು ಸ್ವೀಕರಿಸಿದವರ ಸಹಿ, ಮೊಹರು ಇರುವ ಲಾರಿ ರಸೀದಿಯೇ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. ದಾವೆಗೆ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದಂತೆ ಸಾಮಾನ್ಯವಾಗಿ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು.