ನೀವು ಕೇಳಿದಿರಿ: ಕಡಲಿನವರು ದಡಕ್ಕೆ ಬಂದರೆ

ಈ ಸಲ ‘ಸೈರನ್’ ಧಾರಾವಾಹಿ ಬಗ್ಗೆ ಜಾಸ್ತಿ ಪತ್ರಗಳು ಬಂದಿವೆ. ನನಗೂ ಬಹಳ ಇಷ್ಟವಾದ ಧಾರಾವಾಹಿ ಇದು, ಹಾಗಾಗಿ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮತ್ಸ್ಯಕನ್ಯೆ ಕಥೆ ಅಂತ ತಮ್ಮ, ತಂಗಿ ಇಬ್ಬರೂ ನೋಡಬೇಕು ಅಂತಿದ್ದಾರೆ. ಇದು ಮಕ್ಕಳ ಧಾರಾವಾಹೀನಾ? (ಸಿಂಧನೂರಿನ ಓದುಗರು)

ಉತ್ತರ: ಅಲ್ಲ. ಚಿಕ್ಕವರಿಗೆ ತೋರಿಸಬೇಡಿ. 2018ರಿಂದ 2020ರವರೆಗೆ ಅಮೆರಿಕದ ಫ್ರೀಫಾರ್ಮ್ ವಾಹಿನಿಯಲ್ಲಿ ಬಂದದ್ದು, ಮೂರು ಸೀಸನ್, ಒಟ್ಟು 36 ಕಂತು. ಬ್ರಿಸ್ಟಲ್ ಕೋವ್ ಎಂಬ ಕಲ್ಪನೆಯ ಊರು. ಸೈನ್ಯದವರು ಹಿಡಿದುಕೊಂಡು ಹೋದ ಅಕ್ಕನನ್ನು ಹುಡುಕಿಕೊಂಡು ರಿನ್ ಎಂಬ ಮತ್ಸ್ಯಕನ್ಯೆ ದಡಕ್ಕೆ ಬರುತ್ತಾಳೆ, ಕಡಲ ಜೀವಿಗಳ ಬಗ್ಗೆ ಅಧ್ಯಯನ ಮಾಡುವ ಬೆನ್ ಮತ್ತು ಮ್ಯಾಡಿ ಅವಳಿಗೆ ನೆರವಾಗುತ್ತಾರೆ. ಆದರೆ ರಿನ್ ಬೇಟೆಯಾಡುವ ಜೀವಿ. ಹಲ್ಲು, ಉಗುರು, ಕೋಪ ಎಲ್ಲ ಇದೆ. ಬಾಲ ಹೋಗಿ ಕಾಲು ಬರುವಾಗ ಅವಳು ಪಡುವ ನೋವನ್ನು ಸ್ವಲ್ಪವೂ ಮುಚ್ಚಿಡದೆ ತೋರಿಸಿದ್ದಾರೆ. ಈ ಧಾರಾವಾಹಿಯ ದೊಡ್ಡತನ ಇರುವುದೇ ಅಲ್ಲಿ ಅಂತ ನನಗನಿಸುತ್ತದೆ, ಯಾಕಂದರೆ ಇನ್ನೊಂದು ಲೋಕಕ್ಕೆ ಕಾಲಿಡುವುದು ಸುಮ್ನೆ ಆಗುವ ಕೆಲಸವಲ್ಲ. ಮಕ್ಕಳಿಗೆ ಆಸ್ಟ್ರೇಲಿಯಾದ ‘ಎಚ್‌ಟೂಓ’ ಎಂಬ ಮತ್ಸ್ಯಕನ್ಯೆಯರ ಧಾರಾವಾಹಿ ತೋರಿಸಿ, ಅದು ಹಗುರವಾಗಿದೆ.

ಪ್ರಶ್ನೆ: ನೀರಿನಿಂದ ದೂರ ಉಳಿದರೆ ರಿನ್ ಚರ್ಮ ಒಣಗುತ್ತದೆ. ನಮ್ಮ ರಾಯಚೂರಿನ ಬಿಸಿಲಿಗೆ ಬಂದರೆ ಗತಿ ಏನು? ಇದರಲ್ಲಿ ವಿಜ್ಞಾನ ಏನಾದರೂ ಇದೆಯಾ? (ರಾಯಚೂರು)

ಉತ್ತರ: 40 ಡಿಗ್ರಿ ದಾಟುವ ಏಪ್ರಿಲ್ ಬಿಸಿಲಲ್ಲಿ ಅವಳು ಹೆಚ್ಚು ಹೊತ್ತು ಬಾಳುವುದು ಕಷ್ಟವೇ. ವಿಜ್ಞಾನ ಸ್ವಲ್ಪ ಇದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಅದಕ್ಕೇ ಅದರ ಮೈ ಯಾವಾಗಲೂ ಒದ್ದೆ ಇರಬೇಕು. ತಿಮಿಂಗಿಲದ್ದು ಬೇರೆ ಕಷ್ಟ. ದಡಕ್ಕೆ ಬಿದ್ದರೆ ನೀರಿನ ಆಸರೆ ಇಲ್ಲದೆ ತನ್ನ ಭಾರವೇ ಅದರ ಶ್ವಾಸಕೋಶವನ್ನು ಒತ್ತುತ್ತದೆ, ದಪ್ಪ ಕೊಬ್ಬಿನಿಂದಾಗಿ ಮೈ ಕಾವೂ ಏರುತ್ತದೆ. ಉಳಿದದ್ದೆಲ್ಲ ಕಥೆಗಾರರ ಕಲ್ಪನೆ, ಒಂದೊಂದು ಧಾರಾವಾಹಿಯಲ್ಲಿ ಒಂದೊಂದು ನಿಯಮ. ‘ಎಚ್‌ಟೂಓ’ದ ಹುಡುಗಿಯರಿಗೆ ನೀರು ತಾಗಿದ ಹತ್ತು ಸೆಕೆಂಡಿಗೆ ಬಾಲ ಬಂದುಬಿಡುತ್ತದೆ. ಕೊರಿಯಾದ ‘ಲೆಜೆಂಡ್ ಆಫ್ ದ ಬ್ಲೂ ಸೀ’ಯಲ್ಲಿ ಕಣ್ಣೀರೇ ಮುತ್ತಾಗುತ್ತದೆ. ಅದರ ನಾಯಕಿ ಟಿವಿ ನೋಡಿ ನೋಡಿ ಮಾತು ಕಲಿಯುತ್ತಾಳೆ, ಆ ದೃಶ್ಯಗಳು ಚೆನ್ನಾಗಿವೆ.

ಪ್ರಶ್ನೆ: ನಮ್ಮ ಅಜ್ಜನವರ ಊರು ತುಂಗಭದ್ರಾ ಹಿನ್ನೀರಲ್ಲಿ ಮುಳುಗಿದೆ. ಎರಡನೇ ಸೀಸನ್ನಿನಲ್ಲಿ ಕಡಲಿನವರು ಗುಂಪಾಗಿ ದಡಕ್ಕೆ ಬಂದಾಗ ನನಗೆ ಅಜ್ಜನ ಮಾತುಗಳೇ ನೆನಪಾದವು. ನಾನು ಜಾಸ್ತಿ ಯೋಚನೆ ಮಾಡ್ತಿದ್ದೀನಾ? (ಕೊಪ್ಪಳ ಜಿಲ್ಲೆ)

ಉತ್ತರ: ಇಲ್ಲ, ನೀವು ಸರಿಯಾಗಿಯೇ ನೋಡಿದ್ದೀರಿ. ಮೊದಲ ಸೀಸನ್ನಿನಲ್ಲಿ ರಿನ್ ತಾನಾಗಿ ಬಂದವಳು. ಎರಡನೆಯದರಲ್ಲಿ ಬರುವವರು ಹಾಗಲ್ಲ. ಎಣ್ಣೆ ಹುಡುಕುವ ಕಂಪನಿ ಕಡಲೊಳಗೆ ಶಬ್ದದ ಹೊಡೆತ ಹಾಕುತ್ತದೆ, ಅಲ್ಲಿ ಬಾಳಲಿಕ್ಕೆ ಆಗದೆ ಅವರು ದಡಕ್ಕೆ ಏರುತ್ತಾರೆ. ನಡೆಯುವುದು, ಬಟ್ಟೆ ಹಾಕುವುದು, ಸಿಟ್ಟು ಬಂದಾಗ ಮೈಮೇಲೆ ಬೀಳದೆ ಇರುವುದು, ಎಲ್ಲ ಹೊಸದಾಗಿ ಕಲಿಯಬೇಕು. ಕಲಿಸುವವರು ಒಳ್ಳೆಯವರೇ. ಆದರೂ ಕಲಿಯುವವರ ಮುಖದಲ್ಲಿ ಒಂದು ಅವಮಾನ ಕಾಣುತ್ತದೆ, ನೀರಲ್ಲಿ ಎಲ್ಲ ಬಲ್ಲವರಾಗಿದ್ದವರು ಇಲ್ಲಿ ಏನೂ ಗೊತ್ತಿಲ್ಲದವರಾದರಲ್ಲ ಅಂತ. ನಮ್ಮ ಕಡೆ ಮುಳುಗಡೆ ಊರಿನ ಹಿರಿಯರು ಹೇಳುವುದೂ ಇದನ್ನೇ ಅಲ್ವಾ? ಪರಿಹಾರ ಎಷ್ಟು ಬಂತು ಅನ್ನುವುದಕ್ಕಿಂತ ಹೊಸ ಊರಿನಲ್ಲಿ ತಮ್ಮನ್ನು ಯಾರೂ ಗುರುತಿಸಲಿಲ್ಲ ಅನ್ನುವ ಮಾತೇ ಅವರ ಬಾಯಲ್ಲಿ ಮೊದಲು ಬರುತ್ತದೆ. ಅಣೆಕಟ್ಟೆ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಹತ್ತಾರು ಹಳ್ಳಿ ಹೋದವು. ನಾರಾಯಣದೇವರಕೆರೆ ಮುಳುಗಿ ಅಲ್ಲಿನ ಮಂದಿ ಮರಿಯಮ್ಮನಹಳ್ಳಿಗೆ ಬಂದರು. ಆ ನೀರಿನಿಂದಲೇ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆ ಹಸಿರಾಯಿತು, ಅದೂ ನಿಜ. ನಿಮ್ಮ ಅಜ್ಜ ಇನ್ನೂ ಇದ್ದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಊರಿನ ಓಣಿ, ಬಾವಿ, ಹೊಲದ ಹೆಸರು ಎಲ್ಲ ಕೇಳಿ ಬರೆದುಕೊಳ್ಳಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ಪ್ರಶ್ನೆ: ನೀರೊಳಗಿನ ಶಬ್ದದಿಂದ ನಿಜವಾಗಿಯೂ ಅಷ್ಟು ತೊಂದರೆ ಆಗುತ್ತಾ? (ಕಂಪ್ಲಿ, ಬಳ್ಳಾರಿ ಜಿಲ್ಲೆ)

ಉತ್ತರ: ಆಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ, ಬಹಳ ದೂರವೂ ಹೋಗುತ್ತದೆ. ಕಡಲ ತಳದಲ್ಲಿ ಎಣ್ಣೆ, ಅನಿಲ ಹುಡುಕಲು ಏರ್‌ಗನ್ ಎಂಬ ಸಾಧನದಿಂದ ಮತ್ತೆ ಮತ್ತೆ ಸಿಡಿತದಂಥ ಶಬ್ದ ಮಾಡುತ್ತಾರೆ. ತಿಮಿಂಗಿಲ, ಡಾಲ್ಫಿನ್‌ಗಳು ಕಿವಿಯನ್ನೇ ನಂಬಿ ದಾರಿ, ಆಹಾರ, ಜೊತೆಗಾರರನ್ನು ಹುಡುಕುವ ಜೀವಿಗಳು, ಅವುಗಳಿಗೆ ಅದು ದೊಡ್ಡ ಕಾಟ.

ನಿಮ್ಮ ಊರಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ನೀರಿಗೂ ನೆಲಕ್ಕೂ ಸೇರಿದ ಜೀವಿ ನಿಮ್ಮ ಹೊಳೆಯಲ್ಲೇ ಇದೆ, ನೀರುನಾಯಿ. ಕೊಪ್ಪಳ ಕಡೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ಮೀನು ಹಿಡಿದು ಬಂಡೆ ಮೇಲೆ ಕೂತು ತಿನ್ನುತ್ತವೆ, ದಂಡೆಯ ಬಿಲದಲ್ಲಿ ಮರಿ ಹಾಕುತ್ತವೆ. ಸಿಡಿಮದ್ದು ಹಾಕಿ ಮೀನು ಹಿಡಿದರೆ ಅವುಗಳ ಊಟವೂ ಹೋಗುತ್ತದೆ, ಮರಳು ತೋಡಿದರೆ ಮನೆಯೂ ಹೋಗುತ್ತದೆ. ಎಲ್ಲಾದರೂ ಅಂಥದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ನಾಲ್ಕನೇ ಸೀಸನ್ ಬರುತ್ತಾ? (ಲಿಂಗಸುಗೂರು)

ಉತ್ತರ: ಇಲ್ಲ. ಕೊನೆಯ ಕಂತು 2020ರ ಮೇ ತಿಂಗಳಲ್ಲಿ ಬಂತು, ಆಗಸ್ಟ್‌ನಲ್ಲಿ ವಾಹಿನಿ ನಿಲ್ಲಿಸಿಬಿಟ್ಟಿತು. ಮೂರನೇ ಸೀಸನ್ ಪೂರ್ತಿ ಟಿಯಾ ಎಂಬ ಇನ್ನೊಬ್ಬ ಮತ್ಸ್ಯಕನ್ಯೆಯ ಜೊತೆಗಿನ ಯುದ್ಧಕ್ಕೇ ಹೋಯಿತು, ದಡದಲ್ಲಿ ಬದುಕು ಕಟ್ಟುವ ಕಥೆ ಹಿಂದೆ ಸರಿಯಿತು. ಅದು ನನಗೆ ಬೇಸರ. ಸಮಯ ಕಡಿಮೆ ಇದ್ದರೆ ಮೊದಲ ಎರಡು ಸೀಸನ್ ನೋಡಿ ಸಾಕು.