ರಾತ್ರಿಗೆ ಯಾರು ಹೊಣೆ? ಉಡುಪಿ ಕಡೆಯ ಒಂದು ಮನೆಯ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಉಂಟು.)

ಫೋನ್ ಮಾಡಿದವರು ಮಗಳು. ಮೊದಲ ಮಾತೇ ಷರತ್ತು. "ಮೇಡಂ, ನೀವು ಮನೆಗೆ ಬರ್ಬೇಕು. ಆದ್ರೆ ನೀವು ಯಾರು ಅಂತ ಅಮ್ಮನಿಗೆ ಗೊತ್ತಾಗ್ಬಾರ್ದು. ಬ್ಯಾಂಕಿನವರು ಅಂತ ಹೇಳ್ತೇನೆ, ಆಯ್ತಾ?"

ಆಗುವುದಿಲ್ಲ ಎಂದೆ. ಸುಳ್ಳು ಹೆಸರಿನಲ್ಲಿ ಒಳಗೆ ಹೋದವಳು ಆಮೇಲೆ ಯಾವ ಬಾಯಿಯಲ್ಲಿ ನಿಜ ಮಾತಾಡಲಿ? "ಕಾಯಿಲೆ ಇರುವ ಮನೆಗಳಿಗೆ ಹೋಗಿ ಮಾತಾಡಿಸುವವರು ಅಂತ ಹೇಳಿ. ಅದು ನಿಜವೇ. ಕಾಯಿಲೆಯ ಹೆಸರನ್ನು ನಾನಾಗಿ ಎತ್ತುವುದಿಲ್ಲ. ಆದರೆ ಅವರೇ ಕೇಳಿದರೆ ಸುಳ್ಳು ಹೇಳುವುದಿಲ್ಲ." ಎರಡು ದಿನ ಬಿಟ್ಟು ಒಪ್ಪಿದರು.

ಅಮ್ಮನಿಗೆ ಎಪ್ಪತ್ತು ದಾಟಿತ್ತು. ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದ ಹೆಂಗಸು. ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್, ಲಿವರಿಗೂ ಹರಡಿತ್ತು. ಕೀಮೋ ಶುರು ಮಾಡಿ, ಮೈ ತಡೆಯದೆ ನಿಲ್ಲಿಸಿ, "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಎಂದು ಆಸ್ಪತ್ರೆಯವರು ಕಳಿಸಿದ್ದರು. ದೊಡ್ಡ ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಸಣ್ಣ ಮಗ ಕುವೈತಿನಲ್ಲಿ. ಹಗಲು ರಾತ್ರಿ ಜೊತೆಗಿರುವವಳು ಮಗಳು. ದುಡ್ಡು ಕಳಿಸುವವನು ಸಣ್ಣವನಾದ್ದರಿಂದ ಅವನ ಮಾತಿಗೆ ಒಂದು ಒತ್ತು. ಅವನ ಮಾತು ಒಂದೇ: "ಖರ್ಚಿನ ಚಿಂತೆ ಬೇಡ, ಉಸಿರಾಟ ಸ್ವಲ್ಪ ಹೆಚ್ಚು ಕಡಿಮೆಯಾದರೂ ಐಸಿಯುಗೆ ಸೇರಿಸಿ." ದೊಡ್ಡವರು ಬೇಡ ಎನ್ನುತ್ತಿದ್ದರು, ಆದರೆ ತಮ್ಮನ ಎದುರು ಹೇಳುತ್ತಿರಲಿಲ್ಲ. ಮಗಳಿಗೆ ಇಬ್ಬರ ಫೋನೂ ಬರುತ್ತಿತ್ತು.

ನಾನು ಹೋದ ದಿನ ಅಮ್ಮ ಚಾವಡಿಯ, ಅಂದರೆ ಮನೆಯ ಮುಂದಿನ ಹಜಾರದ, ಮಂಚದಲ್ಲಿ ಒರಗಿದ್ದರು. ಕಣ್ಣು ಹಳದಿ. "ಅಮ್ಮ, ಡಾಕ್ಟರು ನಿಮ್ಮ ಹತ್ತಿರ ಎಂತ ಹೇಳಿದ್ದಾರೆ?" ಎಂದು ಕೇಳಿದೆ.

"ನನ್ನ ಹತ್ತಿರ ಎಂತ ಇಲ್ಲ. ಎಲ್ಲರೂ ಹೊರಗೆ ಹೋಗಿ ಮಾತಾಡ್ತಾರೆ. ಒಳ್ಳೆ ಸುದ್ದಿಯಾಗಿದ್ರೆ ಒಳಗೇ ಹೇಳ್ತಿದ್ರಲ್ಲ?"

ಬಾಗಿಲ ಹತ್ತಿರ ನಿಂತಿದ್ದ ಮಗಳು ಅಡುಗೆಮನೆಗೆ ಹೋದಳು. ಅಮ್ಮ ಸ್ವರ ತಗ್ಗಿಸಿ, "ಅವಳಿಗೆ ಗೊತ್ತಾಗುವುದು ಬೇಡ, ಹೆದರ್ತಾಳೆ" ಎಂದರು. ಇಂಥ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ನನಗೆ ಆಶ್ಚರ್ಯವೇ ಆಗಲಿಲ್ಲ. ಇಬ್ಬರಿಗೂ ಗೊತ್ತು, ಇಬ್ಬರೂ ಮುಚ್ಚಿಡುತ್ತಾರೆ, ಇರುವ ಸ್ವಲ್ಪ ದಿನ ನಾಟಕದಲ್ಲೇ ಮುಗಿಯುತ್ತದೆ.

ಏನು ಬೇಕು, ಏನು ಬೇಡ ಎಂದು ಕೇಳಿದ್ದಕ್ಕೆ ಅವರ ಉತ್ತರ ಸಿದ್ಧವಾಗಿಯೇ ಇತ್ತು. ಚಾವಡಿ ಬಿಟ್ಟು ಒಳಕೋಣೆಗೆ ಹಾಕಬಾರದು. ಮೂಗಿಗೆ ಬಾಯಿಗೆ ಪೈಪು ಬೇಡ. ನೋವು ಕಮ್ಮಿ ಮಾಡಿ. ಸಣ್ಣವನು ನನಗೆ ಮಾತಾಡಲು ಆಗುವಾಗ ಬರಲಿ. ಪಿಎಫ್ ಪುಸ್ತಕ ಕಪಾಟಿನಲ್ಲಿ ಸೀರೆಯ ಅಡಿ ಉಂಟು.

ಅವರ ಅನುಮತಿ ತೆಗೆದುಕೊಂಡೇ ಇಷ್ಟನ್ನೂ ಮಕ್ಕಳ ಎದುರು ಇಟ್ಟೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಲು ಹೇಳಿದ್ದೆ: ಸೋದರಮಾವನನ್ನು ಕರೆಸಿ. ನಮ್ಮ ಕಡೆ ಮಾವನ ಮಾತಿಗೆ ಇವತ್ತಿಗೂ ತೂಕ ಉಂಟು. ಅವರನ್ನು ಬಿಟ್ಟು ಮಾಡಿದ ತೀರ್ಮಾನವನ್ನು ಕೊನೆಯ ಗಳಿಗೆಯಲ್ಲಿ ಅವರೇ ಬಂದು ಮುರಿದದ್ದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ಮಾವ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿ, "ನನ್ನ ತಂಗಿ ಬಾಯಲ್ಲಿ ಬಂದ ಮಾತಲ್ವಾ ಇದು? ಮತ್ತೆ ಎಂತ ಚರ್ಚೆ?" ಎಂದರು.

ಕುವೈತಿನ ಮಗನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದು ಬೇರೆಯೇ. ಅವನ ಸಿಟ್ಟಿನ ಹಿಂದೆ ಇದ್ದದ್ದು ದೂರದಲ್ಲಿರುವ ಸಂಕಟ. ವೆಂಟಿಲೇಟರ್ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಿದೆ. ಅದು ಉಸಿರಿಗೆ ಆಸರೆ ಅಷ್ಟೇ. ನ್ಯುಮೋನಿಯಾದಲ್ಲೋ, ನಾಗರಹಾವು ಕಚ್ಚಿದಾಗಲೋ, ಮೂಲ ತೊಂದರೆ ವಾಸಿಯಾಗುವವರೆಗೆ ಆ ಆಸರೆ ಜೀವ ಉಳಿಸುತ್ತದೆ. ಅಮ್ಮನ ಲಿವರಿನ ಗಡ್ಡೆಗೆ ಅದರಿಂದ ಏನೂ ಆಗುವುದಿಲ್ಲ. ಬಾಯಿಗೆ ಪೈಪು ಹಾಕಿದ ಮೇಲೆ ಅವರು ನಿನ್ನ ಹತ್ತಿರ ಮಾತಾಡುವಂತಿಲ್ಲ. ಕೊನೆಗೆ ಹೇಳಿದೆ: "ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಅಂತ ಇಟ್ಟುಕೊಂಡ ರಜೆಯನ್ನು ಈಗಲೇ ಹಾಕು." ಕಠಿಣ ಮಾತು, ಗೊತ್ತುಂಟು. ಬಂದ. ಹತ್ತು ದಿನ ಅಮ್ಮನ ಮಂಚದ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ.

ನೋವಿನ ವಿಷಯಕ್ಕೆ ಬರುತ್ತೇನೆ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಪ್ಯಾಲಿಯೇಟಿವ್ ಕೇರ್, ಅಂದರೆ ಕಾಯಿಲೆ ವಾಸಿಯಾಗದಿದ್ದರೂ ನೋವು, ತೊಂದರೆ ತಗ್ಗಿಸುವ ಉಪಶಾಮಕ ಆರೈಕೆಯ ವಿಭಾಗ ಇರುವ ಆಸ್ಪತ್ರೆಗಳಿವೆ. ಈ ಮನೆಯವರಿಗೆ ಅದು ಗೊತ್ತಿರಲಿಲ್ಲ, ಕಳಿಸಿದವರೂ ಹೇಳಿರಲಿಲ್ಲ. ಅಲ್ಲಿನ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದರು. ದೊಡ್ಡ ಮಗನಿಗೆ ಗಾಬರಿ: "ಅದು ಕೊಟ್ರೆ ಬೇಗ ಹೋಗ್ತಾರಂತೆ, ಹೌದಾ?" ಇಲ್ಲ. ಡಾಕ್ಟರು ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ನೋವು ನೋಡಿಕೊಂಡು ಏರಿಸುತ್ತಾ ಹೋದರೆ ಅದು ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನೋವು ಬಂದ ಮೇಲೆ ಕೊಡುವುದಲ್ಲ, ಬಾರದಂತೆ ಕೊಡುವುದು. ನಡುವೆ ನೋವು ಎದ್ದರೆ ಕೊಡಬೇಕಾದ ಹೆಚ್ಚುವರಿ ಮಾತ್ರೆಯನ್ನೂ ಡಾಕ್ಟರೇ ಬರೆದಿರುತ್ತಾರೆ. ಮೊದಲ ಕೆಲವು ದಿನ ಮಂಪರು ಇರುತ್ತದೆ, ಆಮೇಲೆ ಇಳಿಯುತ್ತದೆ. ಇಳಿಯದೆ ಇರುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಮದ್ದು ಬೇಕು. ಮೊದಲೆಲ್ಲ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಓಡಾಡಬೇಕಿತ್ತು. 2014ರಲ್ಲಿ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಇದು ಸುಲಭವಾಗಿದೆ. ಆದರೂ ಪ್ರತಿ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಇದಲ್ಲ, ಖಾಲಿಯಾಗುವ ಮೊದಲೇ ತಂದಿಡಬೇಕು.

ಊಟದ್ದು ದೊಡ್ಡ ಜಗಳ. ಅಮ್ಮ ಗಂಜಿಯ ತೆಳಿ ಎರಡು ಚಮಚ ಕುಡಿದು ಮುಖ ತಿರುಗಿಸುತ್ತಿದ್ದರು. ನೆರೆಮನೆಯವರೊಬ್ಬರು "ಉಪವಾಸ ಹಾಕಿ ಕೊಲ್ತೀರಾ?" ಎಂದು ಕೇಳಿದ್ದರಂತೆ. ಮಗಳು ಅತ್ತದ್ದು ಆ ಮಾತಿಗೆ. ನಾನು ಹೇಳಿದ್ದು: ಊಟ ಬಿಟ್ಟದ್ದರಿಂದ ಅವರು ಸಾಯುತ್ತಿಲ್ಲ, ಕಾಯಿಲೆಯಿಂದ ಸಾಯುತ್ತಿರುವುದರಿಂದ ದೇಹ ಊಟ ಬಿಡುತ್ತಿದೆ. ಒತ್ತಾಯದಿಂದ ತಿನ್ನಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು. ಡ್ರಿಪ್ಪಿನ ನೀರು ಕೊನೆಯ ದಿನಗಳಲ್ಲಿ ಕೈಕಾಲಿನ ಬಾವು, ಗಂಟಲಿನ ಕಫ ಹೆಚ್ಚಿಸುವುದೂ ಉಂಟು. ಬಾಯಾರಿಕೆ ಎನ್ನುವುದು ಆಗ ಹೆಚ್ಚಾಗಿ ಬಾಯಿ ಒಣಗುವ ತೊಂದರೆ. ಶುದ್ಧ ಹತ್ತಿಬಟ್ಟೆ ಒದ್ದೆ ಮಾಡಿ ನಾಲಗೆ, ಒಸಡು ಒರಸಿ. ತುಟಿಗೆ ತೆಂಗಿನೆಣ್ಣೆ ಹಚ್ಚಿ. ಎಚ್ಚರವಿದ್ದು ಕೇಳಿದರೆ ತಲೆ ಎತ್ತಿ ಹಿಡಿದು ಒಂದು ಗುಟುಕು ಬೊಂಡ, ಅಂದರೆ ಎಳನೀರು. ಮಗಳಿಗೆ ಏನಾದರೂ ಕೊಡಲೇಬೇಕಿತ್ತು. ಈ ಕೆಲಸ ಅವಳ ಕೈಗೆ ಬಂದ ಮೇಲೆ ಬಟ್ಟಲು ಹಿಡಿದು ಬೆನ್ನು ಹತ್ತುವುದು ನಿಂತಿತು.

ಇನ್ನು ಕಾನೂನು. ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಮುಂಚಿತ ವೈದ್ಯಕೀಯ ನಿರ್ದೇಶನ, ಅಂದರೆ ಜನ ಲಿವಿಂಗ್ ವಿಲ್ ಎನ್ನುವ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಎಂದಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿದೆ. ದೊಡ್ಡ ಮಗ "ಇದು ದಯಾಮರಣವಾ?" ಎಂದು ಕೇಳಿದರು. ಅಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇವತ್ತಿಗೂ ಅಪರಾಧವೇ. ಫಲವಿಲ್ಲದ ಯಂತ್ರದ ಆಸರೆ ಬೇಡ ಎನ್ನುವುದು ಬೇರೆ. ಈ ಚರ್ಚೆ ದೇಶದಲ್ಲಿ ಜೋರಾಗಲು ಕಾರಣರಾದ, ಹಲ್ಲೆಗೊಳಗಾಗಿ ದಶಕಗಳ ಕಾಲ ಮುಂಬೈಯ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ನರ್ಸ್ ಅರುಣಾ ಶಾನಭಾಗ್ ಹೊನ್ನಾವರ ಹತ್ತಿರದ ಹಳದೀಪುರದವರು, ನಮ್ಮ ಕರಾವಳಿಯವರೇ. ಅಮ್ಮನಿಗೆ ಬುದ್ಧಿ ನಿಚ್ಚಳವಾಗಿತ್ತು. ನೋಟರಿಯನ್ನು ಮನೆಗೇ ಕರೆಸಿದರು, ತಾನು ಹೇಳಲಾಗದ ಸ್ಥಿತಿ ಬಂದರೆ ಮಗಳು ತೀರ್ಮಾನಿಸಲಿ ಎಂದು ಬರೆಸಿದರು. ಮನೆಯಲ್ಲೇ ಕೊನೆಯಾಗುವುದಾದರೆ ಆ ಪತ್ರದ ಅಗತ್ಯ ಬೀಳುವುದಿಲ್ಲ. ಆದರೆ ಯಾರಾದರೂ ಗಾಬರಿಯಲ್ಲಿ ಆಸ್ಪತ್ರೆಗೆ ಸಾಗಿಸಿಬಿಟ್ಟರೆ ಅಲ್ಲಿ ಅದೇ ಅವರ ಸ್ವರ.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇನ್ನೊಂದು ಕಾಗದದಲ್ಲಿತ್ತು. ಮನೆಯಲ್ಲೇ ಇರಿಸಿಕೊಳ್ಳುತ್ತೇವೆ ಎನ್ನುವುದು ಹಗಲಿನ ತೀರ್ಮಾನ. ಅದು ಮುರಿಯುವುದು ರಾತ್ರಿ ಎರಡು ಗಂಟೆಗೆ, ಉಸಿರಿನ ಸದ್ದು ಬದಲಾದಾಗ. 108ಕ್ಕೆ ಫೋನ್ ಮಾಡಿದರೆ ಬಂದವರು ತಮ್ಮ ಕರ್ತವ್ಯದಂತೆ ಜೀವ ಉಳಿಸುವ ಪ್ರಯತ್ನ ಮಾಡಿ ಆಸ್ಪತ್ರೆಗೆ ಸಾಗಿಸುತ್ತಾರೆ. ಅವರ ತಪ್ಪಲ್ಲ. ರಾತ್ರಿಯ ಬಗ್ಗೆ ಒಂದು ಮಾತೂ ಹೇಳದೆ ಮನೆಗೆ ಕಳಿಸುವ ಡಿಸ್ಚಾರ್ಜ್ ನನ್ನ ಲೆಕ್ಕದಲ್ಲಿ ಅರ್ಧ ಚಿಕಿತ್ಸೆ. ಪ್ಯಾಲಿಯೇಟಿವ್ ನರ್ಸ್ ಜೊತೆ ಕೂತು ಒಂದು ಹಾಳೆ ಬರೆದೆವು, ಕ್ಯಾಲೆಂಡರಿನ ಪಕ್ಕ ಅಂಟಿಸಿದೆವು. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ. ಕೇಳುವವರಿಗೆ ಸಂಕಟ, ಅವರಿಗೆ ಅಷ್ಟಿಲ್ಲ. ಉಸಿರು ನಿಂತು ನಿಂತು ಬಂದರೆ ಅದು ನಿರೀಕ್ಷಿತ. ಕಾಲು ತಣ್ಣಗಾಗಿ ಬಣ್ಣ ಬದಲಾಗುತ್ತದೆ, ಬಿಸಿನೀರಿನ ಬಾಟಲಿ ಇಡಬೇಡಿ. ನೋವಿಗೆ, ಚಡಪಡಿಕೆಗೆ, ಕಫಕ್ಕೆ ಯಾವ ಮದ್ದು ಯಾವ ಡಬ್ಬಿಯಲ್ಲಿ ಉಂಟು. ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ. ಮಗಳು ನಿದ್ದೆ ಮಾಡುವ ರಾತ್ರಿಗಳು ಯಾವುವು, ಆ ದಿನ ಯಾರು ಕೂರುವುದು. ಈ ಕೊನೆಯ ಸಾಲಿಗೆ ನಾನು ಹಟ ಹಿಡಿದೆ. ದೊಡ್ಡ ಮಗನ ಹೆಸರು ಎರಡು ರಾತ್ರಿಗೆ ಬಿತ್ತು.

ಹಾಳೆಗೆ ಕೆಲಸ ಬಿದ್ದದ್ದು ಅಂಥ ಒಂದು ರಾತ್ರಿಯೇ. ಸಣ್ಣ ಮಗ ವಾಪಸ್ ಹೋಗಿಯಾಗಿತ್ತು. ಅಮ್ಮ ಮಂಪರಿನಲ್ಲೇ ಹೊರಳಾಡತೊಡಗಿದರು, ಹೊದಿಕೆ ಕಿತ್ತೆಸೆದರು, ಬೆರಳುಗಳು ಬಿಡದೆ ಏನನ್ನೋ ಸುತ್ತುತ್ತಿದ್ದವು. ದೊಡ್ಡ ಮಗ ಫಿಟ್ಸ್ ಎಂದುಕೊಂಡು ಕೈ ಬಿಗಿಯಾಗಿ ಹಿಡಿದುಕೊಂಡು, 108 ಒತ್ತಲು ಹೊರಟವರು ಹಾಳೆ ನೋಡಿ ನರ್ಸಿಗೆ ಮಾಡಿದರು. ಸಂಜೆಯಿಂದ ಮೂತ್ರ ಹೋಗಿದೆಯಾ ಎಂಬುದು ಆಕೆಯ ಮೊದಲ ಪ್ರಶ್ನೆ. ಹೋಗಿರಲಿಲ್ಲ. ಆಕೆ ಬಂದು ನೋಡಿದರೆ ಕಿಬ್ಬೊಟ್ಟೆ ಕಲ್ಲಿನ ಹಾಗೆ. ಮಾರ್ಫಿನ್‌ನಿಂದ ಕೆಲವರಿಗೆ ಹೀಗಾಗುವುದುಂಟು. ಕ್ಯಾತಿಟರ್, ಅಂದರೆ ಮೂತ್ರದ ನಳಿಕೆ ಹಾಕಿದ ಮೇಲೆ ಹೊರಳಾಟ ನಿಂತಿತು, ಬೆರಳು ಮಾತ್ರ ನಿಲ್ಲಲಿಲ್ಲ. ಮಗಳು ಎದ್ದು ಬಂದು ನೋಡಿ, "ಅಣ್ಣ, ಕೈ ಬಿಡು. ಅಮ್ಮ ಬೀಡಿ ಕಟ್ಟುವುದು" ಎಂದಳು. ಹೌದು, ಎಲೆಗೆ ಹೊಗೆಸೊಪ್ಪು ಹಾಕಿ ಹೆಬ್ಬೆರಳಲ್ಲಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಎಳೆಯುವ ಅದೇ ಕ್ರಮ.

ಅದಾಗಿ ನಾಲ್ಕನೇ ದಿನ ಮಧ್ಯಾಹ್ನ, ಚಾವಡಿಯಲ್ಲೇ ತೀರಿಕೊಂಡರು. ಸಣ್ಣ ಮಗ ಫೋನಿನಲ್ಲಿ ಇದ್ದ.

ಆಮೇಲಿನ ಸಲಹೆಗಳು ಕಾಗದಪತ್ರದವು. ಮನೆಯಲ್ಲಿ ಸಾವಾದಾಗ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಪಂಚಾಯತಿಯಲ್ಲಿ 21 ದಿನದೊಳಗೆ ನೋಂದಾಯಿಸಬೇಕು. ಪಿಎಫ್ ಹಣಕ್ಕೂ ಅದೇ ಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಯಾರಿಗೂ ಕೊಡಬೇಡಿ, ತೋಟಕ್ಕೆ ಎಸೆಯಬೇಡಿ, ಎಣಿಸಿ ಅದೇ ವಿಭಾಗಕ್ಕೆ ಹಿಂದಿರುಗಿಸಿ ಎಂದೆ. ಮಗಳಿಗೆ ಇನ್ನೊಂದು ತೊಂದರೆ: ಮಾತ್ರೆಯ ಹೊತ್ತಿಗೆ, ರಾತ್ರಿ ಎರಡಕ್ಕೆ, ಈಗಲೂ ಎಚ್ಚರವಾಗುತ್ತದೆ. ಕೆಲವು ವಾರ ಹಾಗೆ ಆಗುತ್ತದೆ, ಎದ್ದು ನೀರು ಕುಡಿದು ಮಲಗಿ, ಮೊಬೈಲ್ ಹಿಡಿಯಬೇಡಿ ಎಂದಿದ್ದೇನೆ. ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮೇಲೆ ಒಬ್ಬಳೇ ಬರುತ್ತೇನೆ ಎಂದಿದ್ದಾಳೆ, ಬುಧವಾರ ಸಮಯ ಕೊಟ್ಟಿದ್ದೇನೆ.