ಮೋಟಾರು ಸುಟ್ಟರೂ ನನ್ನದೇ ತಪ್ಪು

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ, ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತೇನೆ. ಮದುವೆಯಾಗಿ ಹನ್ನೊಂದು ವರ್ಷವಾಗಿದೆ, ಒಬ್ಬ ಮಗನಿದ್ದಾನೆ. ನಮ್ಮ ಯಜಮಾನರು ಕುಡಿಯುವವರಲ್ಲ, ದುಡಿದದ್ದನ್ನು ಮನೆಗೇ ತರುತ್ತಾರೆ. ಆದರೆ ಏನೇ ಕೆಟ್ಟರೂ ಕಾರಣ ನಾನೇ. ಬೇಸಿಗೆಯಲ್ಲಿ ಬೋರಿನ ಮೋಟಾರು ಸುಟ್ಟದ್ದು ನಾನು ಬೇಗ ಆಫ್ ಮಾಡದೆ ಇದ್ದುದರಿಂದಂತೆ. ಹರಿಹರದ ಮದುವೆಗೆ ಹೊರಟು ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡು ಮುಹೂರ್ತ ತಪ್ಪಿದ್ದು ನಾನು ಸೀರೆ ಉಡಲು ಹೊತ್ತು ಮಾಡಿದ್ದರಿಂದಂತೆ. ಊರಿನ ಹೊಲದ ಮೆಕ್ಕೆಜೋಳವನ್ನು ಮಾರದೆ ಇಟ್ಟುಕೊಂಡವರು ಅವರೇ. ದರ ಬಿದ್ದ ಮೇಲೆ "ನೀನಾದರೂ ಒಂದು ಮಾತು ಹೇಳಬಾರದಿತ್ತಾ" ಎಂದರು. ಹೇಳಿದ್ದರೆ ಅಪಶಕುನ ನುಡಿದೆ ಎನ್ನುತ್ತಿದ್ದರು. ಅತ್ತೆಯವರು ಎಲ್ಲವನ್ನೂ ನನ್ನ ಕಾಲ್ಗುಣಕ್ಕೆ ಕಟ್ಟುತ್ತಾರೆ. ಜಗಳ ಬೇಡವೆಂದು "ತಪ್ಪಾಯ್ತು ಬಿಡಿ" ಎಂದು ಹೇಳಿ ಹೇಳಿ, ಈಗ ನಿಜವಾಗಿಯೂ ನನ್ನದೇ ತಪ್ಪೇನೋ ಎನ್ನಿಸತೊಡಗಿದೆ. ಮೊನ್ನೆ ಗಾಜಿನ ಲೋಟ ಬೀಳಿಸಿದ ಮಗನೂ "ಅಲ್ಲಿ ಯಾಕಿಟ್ಟೆ?" ಎಂದು ನನ್ನನ್ನೇ ಕೇಳಿದ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಗಂಡ ಕುಡಿಯುವುದಿಲ್ಲ, ದುಡಿದು ತರುತ್ತಾರೆ ಎಂದು ನೀವು ಮೊದಲೇ ಬರೆದುಬಿಟ್ಟಿದ್ದೀರಿ. ಇಂಥ ಪತ್ರಗಳಲ್ಲಿ ಹೆಣ್ಣುಮಕ್ಕಳು ದೂರುವ ಮೊದಲು ಹೀಗೊಂದು ಸಮಜಾಯಿಷಿ ಕೊಡುವುದು ಸಾಮಾನ್ಯ. ಆ ಗುಣಗಳು ನಿಜವೇ ಇರಬಹುದು. ಅವುಗಳಿಂದ ನಿಮ್ಮ ನೋವು ಚಿಕ್ಕದಾಗುವುದಿಲ್ಲ.

ಮೆಕ್ಕೆಜೋಳದ ಪ್ರಸಂಗವನ್ನೇ ನೋಡಿ. ಹೇಳಿದ್ದರೂ ತಪ್ಪು, ಹೇಳದಿದ್ದರೂ ತಪ್ಪು ಎಂಬ ಕಡೆ ನೀವು ಎಷ್ಟೇ ಜಾಗರೂಕರಾಗಿದ್ದರೂ ಪಾರಾಗಲಾರಿರಿ, ಏಕೆಂದರೆ ನಷ್ಟದ ಸಂಕಟವನ್ನು ಯಾರ ಮೇಲಾದರೂ ಇಳಿಸಿ ಹಗುರಾಗುವುದಷ್ಟೇ ಅವರಿಗೆ ಆ ಗಳಿಗೆಯಲ್ಲಿ ಬೇಕಾಗಿರುತ್ತದೆ. ಮನುಷ್ಯನು ತನ್ನ ತಪ್ಪಿಗೆ ಸಂದರ್ಭವನ್ನೂ ಇತರರ ತಪ್ಪಿಗೆ ಅವರ ಸ್ವಭಾವವನ್ನೂ ಕಾರಣವಾಗಿ ಕಾಣುತ್ತಾನೆ ಎಂದು ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ 1971ರಲ್ಲಿ ವಾದಿಸಿದರು. ಅತ್ತೆ ಒಡೆದರೆ ಒಡಕು ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂದು ನಮ್ಮ ಹಿರಿಯರು ಅದಕ್ಕೂ ಎಷ್ಟೋ ಮೊದಲೇ ಕಂಡುಕೊಂಡಿದ್ದರು. ದಾಂಪತ್ಯವನ್ನೇ ಅಧ್ಯಯನ ಮಾಡಿದ ಫ್ರಾಂಕ್ ಫಿಂಚಮ್ ಮತ್ತು ಥಾಮಸ್ ಬ್ರಾಡ್‌ಬರಿ ಅವರು ಗುರುತಿಸಿದ್ದು ಇನ್ನೊಂದು ಅಂಶ: ಸಂಬಂಧ ಹದಗೆಟ್ಟ ಮನೆಗಳಲ್ಲಿ ಸಂಗಾತಿಯ ಒಂದು ಲೋಪವು "ಇವಳು ಇರುವುದೇ ಹೀಗೆ" ಎಂಬ ಕಾಯಂ ತೀರ್ಪಾಗುತ್ತದೆ, ಸಂಗಾತಿ ಮಾಡಿದ ಒಳ್ಳೆಯದು ಮಾತ್ರ ಆ ಹೊತ್ತಿನ ಆಕಸ್ಮಿಕವಾಗಿ ಉಳಿಯುತ್ತದೆ.

ಈ ಚಟದಿಂದ ಮನೆಗೆ ಆಗುವ ನಷ್ಟವನ್ನು ನಿಮ್ಮ ಯಜಮಾನರು ಲೆಕ್ಕ ಹಾಕಿದಂತಿಲ್ಲ. ಬೇಸಿಗೆಯಲ್ಲಿ ಅಂತರ್ಜಲ ಕೆಳಗಿಳಿದು, ಪಂಪು ನೀರಿಲ್ಲದೆ ತಿರುಗಿದರೆ ಮೋಟಾರು ಸುಡುತ್ತದೆ. ವೋಲ್ಟೇಜ್ ತೀರಾ ಇಳಿದಾಗ ಹೆಚ್ಚು ಕರೆಂಟು ಎಳೆದುಕೊಂಡು ವೈಂಡಿಂಗ್ ಬಿಸಿಯಾಗಿಯೂ ಸುಡುತ್ತದೆ. ಇಂಥ ಹೊತ್ತಿನಲ್ಲಿ ತಾನೇ ಟ್ರಿಪ್ ಆಗುವ ಸ್ಟಾರ್ಟರ್ ಪ್ಯಾನೆಲ್ ಅಂಗಡಿಯಲ್ಲಿ ಸಿಗುತ್ತದೆ. "ನೀನು ಆಫ್ ಮಾಡಲಿಲ್ಲ" ಎಂದು ತೀರ್ಮಾನವಾದ ಮೇಲೆ ಅದನ್ನು ಹಾಕಿಸುವ ಯೋಚನೆ ಯಾರಿಗೂ ಬರುವುದಿಲ್ಲ, ಮುಂದಿನ ಏಪ್ರಿಲ್‌ನಲ್ಲಿ ರೀವೈಂಡಿಂಗ್ ಮಾಡುವವನಿಗೆ ಮತ್ತೆ ದುಡ್ಡು ತೆರಬೇಕಾಗುತ್ತದೆ.

ಇನ್ನು ನಿಮ್ಮ ಕಡೆಯಿಂದ ಆಗಬೇಕಾದದ್ದು. ಮಾಡದ ತಪ್ಪಿಗೆ "ತಪ್ಪಾಯ್ತು" ಎನ್ನುವುದನ್ನು ನಿಲ್ಲಿಸಿ. ಅದರಿಂದ ಆ ಸಂಜೆಯ ಜಗಳವೇನೋ ತಪ್ಪುತ್ತದೆ, ಆದರೆ ಮುಂದಿನ ಸಲ ಅದೇ ಮಾತು ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ, ನಿಮ್ಮ ಮನಸ್ಸೂ ಅದನ್ನು ನಂಬುತ್ತದೆ. ನಂಬತೊಡಗಿದೆ ಎಂದು ನೀವೇ ಬರೆದಿದ್ದೀರಿ. ನಿಜವಾಗಿ ನಿಮ್ಮಿಂದಾದದ್ದನ್ನು ಮಾತ್ರ ಸ್ಪಷ್ಟವಾಗಿ ಒಪ್ಪಿಕೊಳ್ಳಿ: "ಹೊರಡುವುದಕ್ಕೆ ನಾನು ಸ್ವಲ್ಪ ತಡ ಮಾಡಿದೆ, ಅದು ನಿಜ. ಗೇಟು ಬಿದ್ದದ್ದು ನನ್ನಿಂದಲ್ಲ." ಇಷ್ಟನ್ನು ಒಮ್ಮೆ ಹೇಳಿ, ಮುಂದೇನು ಮಾಡೋಣ ಎಂದು ಕೇಳಿ ನಿಮ್ಮ ಕೆಲಸಕ್ಕೆ ಹೋಗಿ. ಎರಡನೆಯ ಸಲ ಸಮರ್ಥಿಸಿಕೊಳ್ಳಲು ಹೋದರೆ ವಾದ ಶುರುವಾಗುತ್ತದೆ. ಆಮೇಲೆ ಏನೂ ಕೆಡದ ಒಂದು ದಿನ, ಅತ್ತೆಯವರು ಎದುರಿಗಿಲ್ಲದಾಗ, "ನೀವು ಯಾವಾಗಲೂ ಹೀಗೇ" ಎಂದು ಆರಂಭಿಸದೆ ಒಂದೇ ಒಂದು ಪ್ರಸಂಗ ಹಿಡಿದು, ಅದು ನಿಮಗೆ ಹೇಗೆ ತಾಕಿತು ಎಂದು ತಿಳಿಸಿ. ಅಮ್ಮನ ಕಾಲ್ಗುಣದ ಮಾತಿಗೆ ಉತ್ತರ ಕೊಡಬೇಕಾದವರು ಮಗನೇ ಎಂಬುದನ್ನೂ ಅಂದೇ ಹೇಳಿ. ಮೊಮ್ಮಗ ಹುಟ್ಟಿದ ದಿನ ಇದೇ ಕಾಲ್ಗುಣದ ಮಾತು ಯಾರಿಗಾದರೂ ನೆನಪಾಗಿತ್ತೇ ಎಂದು ಅತ್ತೆಯವರನ್ನು ಕೇಳಬೇಕೆಂದು ನನಗೇ ಅನ್ನಿಸುತ್ತದೆ. ನೀವು ಮಾತ್ರ ಕೇಳಬೇಡಿ, ಗೆದ್ದರೂ ಅಂದಿನ ಊಟ ಕೆಡುತ್ತದೆ.

ಮಗನ ವಿಷಯದಲ್ಲಿ ಇಷ್ಟು ಕಾಯಬೇಕಾಗಿಲ್ಲ. "ಬೀಳಿಸಿದ್ದು ನೀನು, ಪರವಾಗಿಲ್ಲ, ಪೊರಕೆ ತಾ, ಚೂರು ಗುಡಿಸೋಣ" ಎಂದು ಅಲ್ಲೇ ಹೇಳಿ. ತಪ್ಪು ಒಪ್ಪಿಕೊಂಡರೆ ಬೈಗುಳ ಬೀಳುವುದಿಲ್ಲ ಎಂದು ಖಾತ್ರಿಯಾದರೆ ಹುಡುಗ ಇನ್ನೊಬ್ಬರತ್ತ ಬೆರಳು ತೋರಿಸುವುದಿಲ್ಲ.

ಆದರೆ ಈ ಸಲಹೆಗಳಿಗೆ ಒಂದು ಎಲ್ಲೆಯಿದೆ. ದೂಷಣೆಯ ಜೊತೆಗೆ ಹೀನಾಯವಾದ ಬೈಗುಳ, ತವರಿಗೆ ಹೋಗದಂತೆ ತಡೆ, ಹೊಲಿಗೆಯ ಹಣ ಕಸಿದುಕೊಳ್ಳುವುದು, ಕೈಯೆತ್ತುವುದು ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ಅವರು ಬಾಗಿಲು ತೆಗೆದ ಸದ್ದಿಗೇ ನಿಮಗೆ ಭಯವಾಗುತ್ತಿದ್ದರೆ, ಮಾತಿನ ಜಾಣ್ಮೆಯನ್ನು ನೆಚ್ಚಿಕೊಂಡು ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದ್ದು, ಹೊಡೆತದಂತೆಯೇ ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸದ್ಯಕ್ಕೆ ನಿಮ್ಮನ್ನು ನೀವೇ ಅನುಮಾನಿಸುವ ಸ್ಥಿತಿಗಾಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಎರಡು ಬೋರ್ ಫೇಲಾಗಿ ತೋಟ ಒಣಗಿದ್ದಕ್ಕೂ, ಮಗಳಿಗೆ ಬಂದ ಸಂಬಂಧ ತಪ್ಪಿಹೋದದ್ದಕ್ಕೂ ನಾನೇ ಹೊಣೆ ಎಂದು ಹೆಂಡತಿ ದಿನವೂ ಹಂಗಿಸುತ್ತಾಳೆ. ಗಂಡಸು ಇದನ್ನು ಹೇಳಿಕೊಂಡರೆ ನಗುವುದಿಲ್ಲವೇ?
– ಓದುಗ, ಹೊಳಲ್ಕೆರೆ

ಉತ್ತರ: ನಾನು ನಗುವುದಿಲ್ಲ. 14416 ಗಂಡಸರಿಗೂ ಇದೆ. ಆದರೆ ಒಂದು ಮಾತು ಕೇಳುತ್ತೇನೆ: ಆ ಬೋರುಗಳನ್ನು ಕೊರೆಸುವಾಗ, ಸಾಲದ ಕಾಗದಕ್ಕೆ ಸಹಿ ಹಾಕುವಾಗ ಅವರನ್ನು ಕೇಳಿದ್ದಿರಾ? ನೀರು ಬೀಳದಿದ್ದುದು ನಿಮ್ಮ ತಪ್ಪಲ್ಲ. ಒಬ್ಬರೇ ನಿರ್ಧರಿಸಿದ್ದರೆ ಮಾತ್ರ, ಅವರ ಸಿಟ್ಟಿನಲ್ಲಿ ಅಷ್ಟು ಪಾಲು ನ್ಯಾಯವಿದೆ ಎಂದು ಒಪ್ಪಿಕೊಳ್ಳಿ, ಉಳಿದದ್ದನ್ನು ಹೊರಬೇಡಿ. ಮೂರನೆಯ ಬೋರಿಗೆ ಪಾಯಿಂಟ್ ನೋಡಿಸುವ ಮೊದಲು ತೋಟದ ಖರ್ಚು, ಬಾಕಿ ಸಾಲ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ.